ಪ್ಲೇಟು ಜಿಗಿದ್ರ ಬೈಸ್ಕೊಳ್ಳೋರು ಯಾರು?

ಹಳೇ ಪ್ಲೇಟು ಹಚ್ಚೋ ಮಶೀನು ಮತ್ತ ಮನಿಗೋಳಿಗೆ ಬರ್ಲಿಕ್ಕತ್ತಾವ. ಅಜ್ಜನ ಕಾಲದ ಎಲ್.ಪಿ.ಗಳನ್ನ ಅಟ್ಟದ ಮ್ಯಾಲಿಂದ ಇಳಿಸಿ ಧೂಳಾ ಝಾಡಿಸ್ಲಿಕ್ಕತ್ತಾರ. ಮಶೀನ್ ಬಂದ ಬೆನ್ನಿಗೇ ಇನ್ನೊಂದು ಖರ್ಚು ನಿಂತಿರ್ತದ: ಅದನ್ನ ಇಡ್ಲಿಕ್ಕೆ ಅದುರು ತಡಿಯೋ ಸ್ಟ್ಯಾಂಡು. ರಬ್ಬರಿನ ಕಾಲು, ಸ್ಪ್ರಿಂಗಿನ ಹಲಗಿ, ಚೂಪು ಕಬ್ಬಿಣದ ಮೊಳಿ, ಒಂದಾ ಎರಡಾ! "ಇದೆಲ್ಲಾ ಖರೇನೇ ಬೇಕೇನವಾ?" ಅಂತ ವೈನಿ, ಕಾಕು, ಬಾಜೂಮನಿಯವರು ಕೇಳ್ತಾರ. ಉತ್ತರಾ ಹೇಳ್ಬೇಕಂದ್ರ ನೂರು ವರ್ಷದ ಹಿಂದ ಹೋಗ್ಬೇಕು. ಯಾಕಂದ್ರ ಪ್ಲೇಟು ಹಚ್ಚಿದಾಗ "ಸಾವಕಾಶ ಅಡ್ಡಾಡ್ರಿ, ಮುಳ್ಳು ಜಿಗೀತದ" ಅಂತ ಅನ್ನಿಸ್ಕೋತ ಬಂದವರು ಅಡಿಗಿಮನಿಯಿಂದ ಪಡಸಾಲಿಗೆ ಹತ್ತು ಸಲ ಅಡ್ಡಾಡೋ ನಾವೇ ಅಲ್ಲಾ?

ಎಮಿಲ್ ಬರ್ಲಿನರ್ ಅಮೇರಿಕಾದಾಗ ಗ್ರಾಮಾಫೋನಿಗೆ ಪೇಟೆಂಟ್ ತೊಗೊಂಡಿದ್ದು 1887ರಾಗ. 1902ರಾಗ ಕಲಕತ್ತಾದಾಗ ಗೌಹರ್ ಜಾನ್ ಹಾಡಿದ್ದು ಪ್ಲೇಟಿನೊಳಗ ಬಂತು. 1908ಕ್ಕ ಅಲ್ಲೇ ಪ್ಲೇಟು ಒತ್ತೋ ಕಾರ್ಖಾನಿನೂ ಆತು. ಮುಂದ 1930ರ ದಶಕದಾಗ ನಮ್ಮ ಕಡಿಯ ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನ್ಸೂರ ಅವರ ಪ್ಲೇಟುಗಳೂ ಬಂದ್ವು. ಆ ಕರೀ ಪ್ಲೇಟಿನ ಮುಖ್ಯ ಸಾಮಾನು ಯಾವುದು ಗೊತ್ತೇನು? ಅರಗು. ಅರಗಿನ ಬಳಿ ಮಾಡ್ತಾರಲ್ಲಾ, ಅದೇ ಅರಗನ್ನ ಶುದ್ಧ ಮಾಡಿ, ಕಲ್ಲಿನ ಪುಡಿ ಕೂಡಿಸಿ ಒತ್ತತಿದ್ರು.

ಆ ಕಾಲದ ಮಶೀನಿಗೆ ಕರೆಂಟಿಲ್ಲ. ಕೀಲಿ ಕೊಟ್ರ ತಿರುಗ್ತಿತ್ತು, ಉಕ್ಕಿನ ಮುಳ್ಳು ಗೀರಿನೊಳಗ ಓಡಿ ತುತ್ತೂರಿಯಿಂದ ಹಾಡು ಬರ್ತಿತ್ತು. ಮುಳ್ಳಿನ ಮ್ಯಾಲ ನೂರು ಗ್ರಾಮಿಗಿಂತ ಹೆಚ್ಚು ಭಾರ ಕೂತಿರ್ತಿತ್ತು. ಅದಕ್ಕ ಗೀರು ಲಗೂ ಸವೀತಿತ್ತು ಖರೆ, ಆದ್ರ ಯಾರೋ ಬಾಜೂಕ ನಡದ್ರ ಅಷ್ಟು ಸಹಜ ಜಿಗೀತಿರ್ಲಿಲ್ಲ. ಮೇಜು ಸಪಾಟ ಇದ್ದು, ಅಲ್ಲಾಡದೇ ನಿಂತ್ರ ಸಾಕಾಗ್ತಿತ್ತು.

ಕರೆಂಟು ಬಂದ ಮ್ಯಾಲ ತ್ರಾಸು ಬ್ಯಾರೆ ಆತು. ಮುಳ್ಳಿನ ಸಣ್ಣ ಅದುರನ್ನ ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡ್ತದ. ಅದಕ್ಕ ಹಾಡಿನ ಅದುರು ಯಾವುದು, ಮೇಜಿನ ಅದುರು ಯಾವುದು ಅನ್ನೋದು ತಿಳಿಯೂದಿಲ್ಲ. ರೇಡಿಯೋಗ್ರಾಮ್ ಅಂತ ಕಪಾಟಿನಂಥಾ ಪೆಟ್ಟಿಗಿ ಬಂದ್ವಲ್ಲಾ, ಅದರಾಗ ಪ್ಲೇಟೂ ಸ್ಪೀಕರೂ ಒಂದೇ ಕಟಗಿ ಪೆಟ್ಟಿಗಿಯೊಳಗ. ಸ್ಪೀಕರ್ ಗುಡುಗಿದ್ರ ಕಟಗಿ ನಡುಗ್ತದ, ಕಟಗಿ ನಡುಗಿದ್ರ ಮುಳ್ಳು ನಡುಗ್ತದ, ಅದು ಮತ್ತ ಸ್ಪೀಕರಿಗೇ ಹೋಗ್ತದ. ಹಿಂಗ ಸುತ್ತಿ ಸುತ್ತಿ "ಗೊಂಯ್" ಅಂತ ಕೂಗ್ಲಿಕ್ಕೆ ಶುರು. ಅದಕ್ಕ ಪ್ಲೇಟು ತಿರುಗೋ ಹಲಗೀನ ಸ್ಪ್ರಿಂಗಿನ ಮ್ಯಾಲ ಕೂಡಿಸ್ಲಿಕ್ಕತ್ತಿದ್ರು.

1948ರಾಗ ಕೊಲಂಬಿಯಾ ಕಂಪನಿ ಎಲ್.ಪಿ. ತಂತು. ಒಂದೊಂದು ಮಗ್ಗಲಿಗೆ ಇಪ್ಪತ್ತು ನಿಮಿಷದ ಮ್ಯಾಲ ಹಾಡು, ಗೀರು ಮಾತ್ರ ಹಳೇದರ ಮೂರನೇ ಒಂದು ಪಾಲಿನಷ್ಟು ಸಣ್ಣದು. ಮುಳ್ಳಿನ ಮ್ಯಾಲಿನ ಭಾರ ಬರ್ತಾ ಬರ್ತಾ ಎರಡು-ಮೂರು ಗ್ರಾಮಿಗೆ ಇಳೀತು. 1958ರ ಹೊತ್ತಿಗೆ ಸ್ಟೀರಿಯೋ ಪ್ಲೇಟು ಬಂದ್ವು. ಮೊದಲು ಮುಳ್ಳು ಬರೇ ಎಡಕ್ಕ-ಬಲಕ್ಕ ಆಡಿದ್ದನ್ನ ಮಶೀನು ಓದ್ತಿತ್ತು. ಈಗ ಮ್ಯಾಲ-ಕೆಳಗ ಆಡಿದ್ದೂ ಹಾಡೇ. ನಾವು ನಡದಾಗ ನೆಲಾ ಆಡೋದೂ ಮ್ಯಾಲ-ಕೆಳಗೇ ಅಲ್ಲಾ? ಹಿಂಗಾಗಿ ಮುಳ್ಳು ನಾಜೂಕ ಆದಂಗೆಲ್ಲಾ ನಮ್ಮ ಹೆಜ್ಜಿ ಭಾರ ಅನ್ನಿಸ್ಲಿಕ್ಕತ್ತು. ನಮ್ಮ ನಡಗಿಯೇನು ಬದಲಾಗಿರ್ಲಿಲ್ಲ.

ಇದನ್ನ ಛಲೋತ್ನ್ಯಾಗಿ ಬಿಡಿಸಿದವರು ಅಮೇರಿಕಾದ ಎಡ್ಗರ್ ವಿಲ್ಚರ್. 1961ರಾಗ ಅವರ ಎ.ಆರ್. ಕಂಪನಿಯ ಮಶೀನು ಬಂತು. ಪ್ಲೇಟು ತಿರುಗೋ ತಾಟನ್ನೂ ಮುಳ್ಳಿನ ತೋಳನ್ನೂ ಒಂದೇ ಚೌಕಟ್ಟಿಗೆ ಬಿಗದು, ಆ ಚೌಕಟ್ಟನ್ನ ಮೂರು ಸ್ಪ್ರಿಂಗಿಗೆ ತೂಗಬಿಟ್ರು. ಅದುರಿದ್ರ ಎರಡೂ ಕೂಡೇ ಅದುರ್ತಾವ, ಮುಳ್ಳಿಗೂ ಗೀರಿಗೂ ನಡುವ ತಂಟೆ ಇಲ್ಲ. ಸ್ಕಾಟ್ಲೆಂಡಿನ ಲಿನ್ ಕಂಪನಿಯ ಮಶೀನೂ ಸ್ಪ್ರಿಂಗಿನ ಮ್ಯಾಲೇ ನಿಂತದ್ದು.

ಸ್ಪ್ರಿಂಗು ಹೆಂಗ ಕೆಲಸಾ ಮಾಡ್ತದ ಅಂದ್ರ, ಇಲಾಸ್ಟಿಕ್ಕಿಗೆ ಒಂದು ಲಿಂಬಿಹಣ್ಣು ಕಟ್ಟಿ ಹಿಡೀರಿ. ಕೈ ಸಾವಕಾಶ ಎತ್ತಿ ಇಳಿಸಿದ್ರ ಹಣ್ಣೂ ಸಂಗತೀನೇ ಹೋಗ್ತದ. ಕೈ ಭಾಳ ಜೋರಾಗಿ ನಡುಗಿಸಿದ್ರ ಹಣ್ಣು ಬಹುತೇಕ ಇದ್ದಲ್ಲೇ ಇರ್ತದ. ಆದ್ರ ನಡುವಿನ ಒಂದು ತಾಳಕ್ಕ ಮಾತ್ರ ಹಣ್ಣು ಕೈಗಿಂತ ಹೆಚ್ಚು ಕುಣೀತದ. ಇಲ್ಲೇ ಪೆಚ್ಚು. ಕಟಗಿ ಹಲಗಿಯ ನೆಲದ ಮ್ಯಾಲ ನಡದ್ರ, ಒಮ್ಮೊಮ್ಮೆ ಅದೇ ತಾಳ ಕೂಡಿಬಿಡ್ತದ. ಇಂಗ್ಲಂಡು, ಅಮೇರಿಕಾದ ಕಟಗಿ ನೆಲದ ಮನಿಯವರು ಮಶೀನನ್ನ ಗ್ವಾಡಿಗೆ ಬಡದ ಹಲಗಿ ಮ್ಯಾಲ ಇಟ್ಟಿದ್ದು ಇದಕ್ಕ. ನಮ್ಮ ಹಳೇ ಮನಿಗಳ ದಪ್ಪ ಗ್ವಾಡಿಯೊಳಗಿನ ಮಾಡಾನೂ ಅದೇ ಕೆಲಸಾ ಮಾಡ್ತದ, ಮಶೀನ್ ಹಿಡದ್ರ ಇಡ್ಲಿಕ್ಕೆ ಅಡ್ಡಿಯಿಲ್ಲ.

ಅಂದ್ರ ಸ್ಟ್ಯಾಂಡು ಆರಿಸೋ ಮೊದಲು ನೆಲಾ ನೋಡ್ಬೇಕು. ಫರ್ಸಿ ಅಥವಾ ಕಾಂಕ್ರೀಟಿನ ನೆಲಾ ಇದ್ರ, ಅಲ್ಲಾಡದ ಗಟ್ಟಿ ಮೇಜು ಸಾಕು. ಅಟ್ಟದ ಕಟಗಿ ನೆಲಾ ಇದ್ರ ಗ್ವಾಡಿ ಹಲಗೀನೇ ಛಲೋ. ಮಶೀನಿನೊಳಗೇ ಸ್ಪ್ರಿಂಗಿದ್ರ ಕೆಳಗ ಮತ್ತ ಮೆತ್ತನ್ನ ರಬ್ಬರ್ ಇಡಬ್ಯಾಡ್ರಿ, ಎರಡು ಜೋಕಾಲಿ ಒಂದಕ್ಕೊಂದು ಕಟ್ಟಿಧಂಗ ಆಗ್ತದ. ಸ್ಪ್ರಿಂಗಿಲ್ಲಂದ್ರ ರಬ್ಬರಿನ ಮ್ಯಾಲ ಒಂದು ಕಡಪಾ ಕಲ್ಲು, ಕಲ್ಲಿನ ಮ್ಯಾಲ ಮಶೀನು. ರಬ್ಬರು ಕಲ್ಲಿನ ಭಾರಕ್ಕ ತುಸು ಒತ್ತಿರಬೇಕು, ಪೂರಾ ಚಪ್ಪಟಿ ಆದ್ರ ಉಪಯೋಗಿಲ್ಲ. ಚೂಪು ಮೊಳಿ ಮೇಜು ತೊನದಾಡಧಂಗ ಮಾಡ್ತದ, ಅದುರನ್ನ ತಡಿಯೂದಿಲ್ಲ. ಮಶೀನು, ಸ್ಪೀಕರು ಒಂದೇ ಕಪಾಟಿನ ಮ್ಯಾಲ ಮಾತ್ರ ಬ್ಯಾಡ. 1982ರಾಗ ಬಂದ ಸಿ.ಡಿ.ಗೆ ಮುಳ್ಳೇ ಇಲ್ಲ, ಬೆಳಕಿನ್ಲೆ ಓದ್ತದ. ಅದಕ್ಕ, ಆಂಪ್ಲಿಫೈಯರಿಗೆ ತುಟ್ಟಿ ಕಾಲು ಬೇಕಾಗಿಲ್ಲ.

ರೊಕ್ಕಾ ಕೊಡೋ ಮೊದಲು ಇಷ್ಟು ಮಾಡ್ರಿ: ನಿಂತ ಪ್ಲೇಟಿನ ಮ್ಯಾಲ ಮುಳ್ಳು ಇಟ್ಟು, ಆವಾಜ ಸಣ್ಣಗಿಟ್ಟು, ಮೇಜಿಗೆ ಬೆರಳ್ಲೆ ಟಕ್ ಅಂತ ಬಡೀರಿ. ಆಮ್ಯಾಲೆ ಒಬ್ಬರಿಗೆ ಬಾಜೂಕ ಅಡ್ಡಾಡ್ಲಿಕ್ಕೆ ಹೇಳ್ರಿ. ಸ್ಪೀಕರಿನ್ಯಾಗ "ಧಬ್" ಅಂತ ಕೇಳಿದ್ರ ಮೇಜು ಬದಲಿಸ್ರಿ. ಪಡಸಾಲಿಯೊಳಗ ಹಾಡು ಕೇಳೋರಿಗೂ ಅದನ್ನ ಕೇಳಿಸ್ರಿ, ಮುಂದ ನಮ್ಮ ನಡಗಿ ಮ್ಯಾಲ ಮಾತು ಬರೂದಿಲ್ಲ.