ಇಸ್ಲಾಮಿಕ್ ನ್ಯಾಯ ಮತ್ತು ನೀತಿಗೆ ಕುರಾನಿನ ಆಧಾರ

ಇಸ್ಲಾಂ ಧರ್ಮದ ಪವಿತ್ರ ಗ್ರಂಥವಾದ ಕುರಾನ್ ಕ್ರಿ.ಶ. 610ರಿಂದ 632ರವರೆಗಿನ ಅವಧಿಯಲ್ಲಿ ಪ್ರವಾದಿ ಮುಹಮ್ಮದರಿಗೆ ಅವತೀರ್ಣವಾಯಿತೆಂಬುದು ಮುಸ್ಲಿಮರ ಶ್ರದ್ಧೆ. ಇದರಲ್ಲಿ 114 ಅಧ್ಯಾಯಗಳೂ ಆರು ಸಾವಿರಕ್ಕೂ ಮಿಕ್ಕಿದ ವಚನಗಳೂ ಇವೆ. ನೇರವಾಗಿ ವಿಧಿನಿಷೇಧಗಳನ್ನು ಹೇಳುವ ವಚನಗಳು ಸುಮಾರು 500 ಎಂಬುದು ಒಂದು ಸಾಂಪ್ರದಾಯಿಕ ಎಣಿಕೆ. ಆದುದರಿಂದ ಕುರಾನನ್ನು ಕಾನೂನಿನ ಸಂಹಿತೆ ಎನ್ನುವುದಕ್ಕಿಂತ ಅದರ ತಳಹದಿ ಎನ್ನುವುದು ಹೆಚ್ಚು ಸೂಕ್ತವೆಂದು ನಾವು ಭಾವಿಸುತ್ತೇವೆ.

ಈ ತಳಹದಿಯ ಮೇಲೆ ಕಟ್ಟಡವನ್ನು ಎಬ್ಬಿಸಿದವರು ನ್ಯಾಯಶಾಸ್ತ್ರಜ್ಞರು. ಸುನ್ನಿ ಪರಂಪರೆಯಲ್ಲಿ ಕುರಾನಿನ ನಂತರ ಪ್ರವಾದಿಯವರ ನಡೆನುಡಿ (ಸುನ್ನತ್), ವಿದ್ವಾಂಸರ ಒಮ್ಮತ (ಇಜ್ಮಾ) ಮತ್ತು ಸಾದೃಶ್ಯದ ತರ್ಕ (ಕಿಯಾಸ್) ಆಧಾರಗಳಾದವು. ಈ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಕ್ರಿ.ಶ. 820ರಲ್ಲಿ ನಿಧನರಾದ ಇಮಾಮ್ ಶಾಫಿ ಪ್ರಮುಖರು. ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂಬ ನಾಲ್ಕು ಪಂಥಗಳು ಬೆಳೆದುಬಂದವು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಹೆಚ್ಚಾಗಿ ಶಾಫಿ ಪಂಥದವರು. ಒಳನಾಡಿನ ಮುಸ್ಲಿಮರಲ್ಲಿ ಹನಫಿಗಳೇ ಅಧಿಕ.

ಮೂಲಕ್ಕೂ ವ್ಯಾಖ್ಯಾನಕ್ಕೂ ಇರುವ ಅಂತರವನ್ನು ವಿಚ್ಛೇದನದ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ದಂಪತಿಗಳಲ್ಲಿ ವಿರಸ ತಲೆದೋರಿದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಕುರಾನಿನ 4ನೆಯ ಅಧ್ಯಾಯದ 35ನೆಯ ವಚನ ವಿಧಿಸುತ್ತದೆ. 65ನೆಯ ಅಧ್ಯಾಯವು ನಿರೀಕ್ಷಣಾ ಅವಧಿಯನ್ನು ಎಣಿಸಬೇಕೆಂದೂ ಆಗ ಪತ್ನಿಯನ್ನು ಮನೆಯಿಂದ ಹೊರಹಾಕಬಾರದೆಂದೂ ಹೇಳುತ್ತದೆ. ಇಲ್ಲಿ ಕಾನೂನು ನೀತಿಯಿಂದ ಬೇರೆಯಾಗಿಲ್ಲ. ಹೀಗಿದ್ದರೂ ಒಂದೇ ಉಸಿರಿನಲ್ಲಿ ಮೂರು ಬಾರಿ ಹೇಳಿದ ತಲಾಖನ್ನು ಸುನ್ನಿ ಪಂಥಗಳ ಬಹುಪಾಲು ಶಾಸ್ತ್ರಜ್ಞರು ಸಿಂಧುವೆಂದು ಎಣಿಸಿದರು. ಶಿಯಾ ಪಂಥ ಒಪ್ಪಲಿಲ್ಲ.

2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು 3-2ರ ಬಹುಮತದಿಂದ ಈ ಪದ್ಧತಿಯನ್ನು ರದ್ದುಗೊಳಿಸಿತು. ಬಹುಮತದ ಇಬ್ಬರು ನ್ಯಾಯಮೂರ್ತಿಗಳು ಸಂವಿಧಾನದ ಸಮಾನತೆಯ ತತ್ತ್ವವನ್ನು ಆಧರಿಸಿದರೆ, ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅವರು ಅದು ಕುರಾನಿನ ಬೋಧನೆಗೇ ವಿರುದ್ಧವೆಂದು ತೀರ್ಮಾನಿಸಿದರು. 2019ರ ಕಾಯ್ದೆಯು ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು.

ತನಗಾಗಲಿ ತಂದೆತಾಯಿಗಳಿಗಾಗಲಿ ಪ್ರತಿಕೂಲವಾದರೂ ನ್ಯಾಯದ ಪರ ಸಾಕ್ಷಿ ನುಡಿಯಬೇಕೆಂಬುದು 4ನೆಯ ಅಧ್ಯಾಯದ 135ನೆಯ ವಚನದ ಆಶಯ. ಹಲವು ಧರ್ಮಗಳವರೊಡನೆ ಒಂದೇ ಕಟ್ಟಡದಲ್ಲಿ, ಒಂದೇ ಬೀದಿಯಲ್ಲಿ ಬಾಳುವ ನಾವು ನೆರೆಯವರ ಧರ್ಮವನ್ನು ಕುರಿತು ಮಾತನಾಡುವಾಗ, ಗ್ರಂಥ ಹೇಳಿದುದೇನು, ವ್ಯಾಖ್ಯಾನಕಾರರು ಸೇರಿಸಿದುದೇನು ಎಂಬುದನ್ನು ವಿಂಗಡಿಸಿ ನೋಡುವುದು ಉಚಿತ.