ಮೂಸಿಯ ಮಹಾಪೂರ: ಪರಿಹಾರದ ಸಾಲಿನಲ್ಲಿ ಹೆಣ್ಣು

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದಾಗ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರಂತೆ. ಈ ಊರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರು ಆ ಮರವನ್ನು ತೋರಿಸಿ ಈ ಕಥೆ ಹೇಳಿದ್ದರು. ನನಗೆ ಆಗ ಹೊಳೆದದ್ದು ಒಂದೇ ಪ್ರಶ್ನೆ: ಆ 150 ಜನರಲ್ಲಿ ಹೆಂಗಸರು ಎಷ್ಟು? ಸೀರೆ ಉಟ್ಟು, ಕಂಕುಳಲ್ಲಿ ಮಗುವನ್ನು ಹಿಡಿದುಕೊಂಡು ಮರ ಹತ್ತುವುದು ಸುಲಭದ ಮಾತಲ್ಲ.

ಆ ಪ್ರವಾಹದ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು, ಏಕೆಂದರೆ ಅದರಲ್ಲಿ ನಮ್ಮವರೊಬ್ಬರು ಇದ್ದಾರೆ. ಶಂಷಾಬಾದಿನಲ್ಲಿ ಒಂದೇ ದಿನದಲ್ಲಿ 12 ಇಂಚಿಗೂ ಹೆಚ್ಚು ಮಳೆ ಸುರಿಯಿತು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆಗಳು ಒಂದರ ಹಿಂದೆ ಒಂದರಂತೆ ಒಡೆದು, ಆ ನೀರೆಲ್ಲ ನಗರಕ್ಕೆ ನುಗ್ಗಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನದಿಯ ಎರಡೂ ದಡದ ಸಾವಿರಾರು ಮನೆಗಳು ಕುಸಿದವು. ಆರನೆಯ ನಿಜಾಂ ಮೀರ್ ಮಹಬೂಬ್ ಅಲಿ ಖಾನ್ ಸಂತ್ರಸ್ತರಿಗಾಗಿ ಅರಮನೆಯ ಬಾಗಿಲುಗಳನ್ನು ತೆರೆಸಿದರು. ಮರುವರ್ಷ, ಮುಂಬಯಿ ಪ್ರಾಂತ್ಯದ ಸೇವೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರನ್ನು ನಿಜಾಂ ಸರ್ಕಾರ ಕರೆಸಿಕೊಂಡಿತು. ಪ್ರವಾಹದ ನೀರನ್ನು ನಗರಕ್ಕಿಂತ ಮೇಲೆಯೇ ತಡೆದು ನಿಲ್ಲಿಸಿ, ನಿಧಾನವಾಗಿ ಬಿಡಬೇಕು ಎಂಬುದು ಅವರ ಸಲಹೆ. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ತಲೆ ಎತ್ತಿದವು. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಾವು ಹೆಮ್ಮೆಯಿಂದ ನೆನೆಯುವ ಭಾಗ ಇದು.

ಆದರೆ ಅಣೆಕಟ್ಟು ಬಂದದ್ದು ಪ್ರವಾಹದ ಹತ್ತಾರು ವರ್ಷಗಳ ನಂತರ. ಪ್ರವಾಹದ ಮರುದಿನ ಬೆಳಿಗ್ಗೆ ಬೇಕಾಗಿದ್ದು ಗಂಜಿ, ಬಟ್ಟೆ, ಮಲಗಲು ಒಂದು ಜಾಗ. ಅದನ್ನು ಹೆಂಗಸರಿಗೆ ಮುಟ್ಟಿಸುವುದು ಹೇಗೆ? ಅಂದಿನ ಹೈದರಾಬಾದಿನ ಅನೇಕ ಮನೆಗಳಲ್ಲಿ, ಹಿಂದೂ ಮುಸ್ಲಿಂ ಎನ್ನದೆ, ಪರದೆ ಪದ್ಧತಿ ಇತ್ತು. ಪರಪುರುಷರ ಮುಂದೆ ಎಂದೂ ನಿಲ್ಲದ ಹೆಣ್ಣುಮಗಳು, ಮನೆ ಕುಸಿದ ಮಾತ್ರಕ್ಕೆ, ಬೀದಿಯಲ್ಲಿ ಗಂಜಿಯ ಸಾಲಿನಲ್ಲಿ ನಿಲ್ಲುತ್ತಾಳೆಯೇ? ಗಂಡನೂ ಮಗನೂ ನೀರಿನಲ್ಲಿ ಹೋಗಿದ್ದರೆ ಅವಳ ಪರವಾಗಿ ನಿಲ್ಲುವವರು ಯಾರು?

ಈ ಪ್ರಶ್ನೆ ಅಂದಿಗೆ ಹೊಸದೇನೂ ಆಗಿರಲಿಲ್ಲ. 1876–78ರ ಭೀಕರ ಬರದಲ್ಲಿ ಮೈಸೂರು ಸೀಮೆಯೂ ದಖ್ಖನ್ನಿನ ಜಿಲ್ಲೆಗಳೂ ನಲುಗಿದ ಮೇಲೆ, ಬ್ರಿಟಿಷ್ ಸರ್ಕಾರ 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳನ್ನು ರೂಪಿಸಿತು. ಕೆಲಸ ಮಾಡಿದವರಿಗೆ ಕೂಲಿ ಎಂಬುದು ಅದರ ಮುಖ್ಯ ನಿಯಮವಾದರೂ, ಪದ್ಧತಿಯ ಕಾರಣಕ್ಕೆ ಮನೆಯಿಂದ ಹೊರಬರಲಾರದ ಹೆಂಗಸರಿಗೆ ಕೆಲಸದ ಶರತ್ತಿಲ್ಲದೆ ನೆರವು ಕೊಡಲು ಅದರಲ್ಲಿ ಅವಕಾಶವಿತ್ತು. ಆದರೆ ಪರದೆಯ ಒಳಗೆ ಹೋಗಿ ಯಾರಿಗೆ ಏನು ಬೇಕು ಎಂದು ಕೇಳಲು ಒಬ್ಬ ಹೆಂಗಸೇ ಬೇಕು.

ಹೈದರಾಬಾದಿನಲ್ಲಿ ಅಂಥವರು ಮುಂದೆ ಬಂದರು. ಕವಯಿತ್ರಿ ಸರೋಜಿನಿ ನಾಯ್ಡು ಆಗಿನ್ನೂ 29 ವರ್ಷದವರು, ಮಕ್ಕಳೊಂದಿಗೆ ಈ ಊರಿನಲ್ಲೇ ಇದ್ದರು. ನಿಜಾಂ ಸರ್ಕಾರದ ಅಧಿಕಾರಿ ಅಕ್ಬರ್ ಹೈದರಿಯವರ ಪತ್ನಿ ಅಮೀನಾ ಹೈದರಿ ಇನ್ನೊಬ್ಬರು. ಇಬ್ಬರೂ ಪ್ರವಾಹ ಪರಿಹಾರಕ್ಕಾಗಿ ದುಡಿದರು, ಇಬ್ಬರಿಗೂ ಕೈಸರ್-ಎ-ಹಿಂದ್ ಪದಕ ಸಂದಿತು. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಸರೋಜಿನಿಯವರು ಆ ಪದಕವನ್ನು ಹಿಂತಿರುಗಿಸಿದರು. ಮುಂದೆ ಈ ನಗರದಲ್ಲಿ ಬೆಳೆದ ಮಹಿಳಾ ಸಂಘಗಳ ಇತಿಹಾಸದಲ್ಲಿ ಇದೇ ಮನೆಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹಾಗಿದ್ದರೂ ಗಂಡಿಪೇಟೆಗೆ ಪಿಕ್ನಿಕ್ಕಿಗೆ ಹೋದಾಗ ನಾವು ಮಕ್ಕಳಿಗೆ ಹೇಳುವುದು ಅಣೆಕಟ್ಟಿನ ಕಥೆಯನ್ನು ಮಾತ್ರ. ಗೋಡೆ ಕಣ್ಣಿಗೆ ಕಾಣುತ್ತದೆ, ಮನೆಮನೆಗೆ ಹೋಗಿ ಹಂಚಿದ ಬಟ್ಟೆ ಕಾಣುವುದಿಲ್ಲ.

ನನಗೂ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. 2020ರ ಅಕ್ಟೋಬರ್ 13ರ ರಾತ್ರಿ, ಕೋವಿಡ್ಡಿನ ನಡುವೆಯೇ, ಹೈದರಾಬಾದಿನಲ್ಲಿ ಮಹಾಮಳೆ ಸುರಿಯಿತು. ಹಿಮಾಯತ್ ಸಾಗರದ ಗೇಟುಗಳನ್ನು ತೆರೆಯಬೇಕಾಯಿತು, ಫಲಕ್‌ನುಮಾದ ಕಡೆ ಗುರ್ರಂ ಚೆರುವು ಒಡೆಯಿತು, ಮೂಸಿ ದಡದ ಬಸ್ತಿಗಳಿಗೆ ನೀರು ನುಗ್ಗಿತು. ನಾವು ಕೆಲವು ಗೆಳತಿಯರು ಸೇರಿ ಅಕ್ಕಿ, ಬೇಳೆ, ಹೊದಿಕೆಗಳ ಕಿಟ್ ಹಂಚಲು ನಿರ್ಧರಿಸಿದೆವು. ನಾನು ಎಂಟೆಕ್ ಓದಿದವಳು, ದಿನವಿಡೀ ಡೇಟಾಬೇಸಿನ ಜೊತೆಗೇ ಬದುಕುವವಳು. ಪಟ್ಟಿ ಮಾಡುವ ಕೆಲಸ ಸಹಜವಾಗಿ ನನಗೆ ಬಂತು. ಅಚ್ಚುಕಟ್ಟಾದ ಆನ್‌ಲೈನ್ ಫಾರ್ಮ್ ಮಾಡಿದೆ. ಮೊದಲ ಕಾಲಂ: ‘ಕುಟುಂಬದ ಯಜಮಾನನ ಹೆಸರು’. ಅದನ್ನು ತುಂಬದೆ ಮುಂದೆ ಹೋಗುವಂತಿರಲಿಲ್ಲ. ಒಂದು ಮನೆಗೆ ಒಂದೇ ಟೋಕನ್.

ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಂದಳು. ನಾನು ಕನ್ನಡದಲ್ಲಿ ಮಾತಾಡಿದ್ದೇ ಅವಳ ಮುಖ ಅರಳಿತು. ಯಜಮಾನರ ಹೆಸರು ಕೇಳಿದೆ.

“ಅವ ಬಿಟ್ಟು ಹೋಗಿ ಎರಡ ವರ್ಷ ಆತ್ರೀ ಅಕ್ಕೋರೆ. ನನ್ನ ಹೆಸರು ಬರಕೊಳ್ಳಂಗಿಲ್ಲೇನ್ರೀ?”

ಫೋನಿನ ಪರದೆಯ ಮೇಲೆ ಕೆಂಪು ನಕ್ಷತ್ರ ಚಿಹ್ನೆ ಕಾಣುತ್ತಿತ್ತು, ಕಡ್ಡಾಯ ಎಂದು. ಅವಳ ಹೆಸರನ್ನೇ ಯಜಮಾನನ ಜಾಗದಲ್ಲಿ ತುಂಬಿ ಟೋಕನ್ ಕೊಟ್ಟೆ. ಅವಳು ಬಾಯಿ ಬಿಟ್ಟು ಕೇಳಿದಳು. ಆದರೆ ‘ಗಂಡಸಿದ್ದರೆ ಮಾತ್ರ ಕೊಡ್ತಾರೆ’ ಎಂಬ ಮಾತು ಕೇಳಿ ದೂರದಿಂದಲೇ ತಿರುಗಿ ಹೋದವರು ಎಷ್ಟೋ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಮ್ಮ ಕಿಟ್ಟಿನಲ್ಲಿ ಸ್ಯಾನಿಟರಿ ಪ್ಯಾಡ್ ಕೂಡ ಇರಲಿಲ್ಲ. ಪಟ್ಟಿ ಬರೆದವರೆಲ್ಲ ಹೆಂಗಸರೇ!

ಆಮೇಲೆ ಕುಳಿತು ಕಾನೂನು ಓದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮು ವಿಧವೆಯರಿಗೂ ಅನಾಥ ಮಕ್ಕಳಿಗೂ ವಿಶೇಷ ವ್ಯವಸ್ಥೆ ಇರಬೇಕೆನ್ನುತ್ತದೆ. 61ನೇ ಕಲಮು ಪರಿಹಾರ ನೀಡುವಾಗ ಲಿಂಗ, ಜಾತಿ, ಧರ್ಮದ ಭೇದ ಮಾಡಬಾರದೆನ್ನುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡಗಳಲ್ಲಿ ಇನ್ನೂ ವಿವರ ಇದೆ. ಶಿಬಿರದಲ್ಲಿ 30 ಜನರಿಗೆ ಒಂದು ಶೌಚಾಲಯ, ಹೆಂಗಸರಿಗೆ ಮತ್ತು ಮಕ್ಕಳಿಗೆ ಪ್ರತ್ಯೇಕ. ವಿಧವೆಯರ ಮತ್ತು ಅನಾಥ ಮಕ್ಕಳ ಹೆಸರಿಗೆ ಬೇರೆಯೇ ದಾಖಲೆ ಪುಸ್ತಕ. ಗಂಡನನ್ನು ಕಳೆದುಕೊಂಡವಳಿಗೆ 15 ದಿನದೊಳಗೆ ಪ್ರಮಾಣಪತ್ರ. ಈ ಪ್ರಮಾಣಪತ್ರ ಇಲ್ಲದೆ ಹೋದರೆ ಪರಿಹಾರದ ಹಣ ಅವಳ ಕೈಗೆ ಬರುವ ಮೊದಲೇ ಬೇರೆಯವರು ಹಕ್ಕು ಸಾಧಿಸುತ್ತಾರೆ.

ಈ ನಿಯಮಗಳ ಹಿಂದೆ ಕಹಿ ಅನುಭವಗಳಿವೆ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಸತ್ತ ಹೆಂಗಸರು 391, ಗಂಡಸರು 146 ಎಂದು ಆಕ್ಸ್‌ಫ್ಯಾಮ್ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಅನಾಥ ಮಕ್ಕಳನ್ನು ಯಾರು ಯಾರೋ ಕರೆದೊಯ್ಯುವ ಭಯದಿಂದ ಅಲ್ಲಿನ ಸರ್ಕಾರ ದತ್ತು ಕೊಡುವುದನ್ನೇ ತಡೆಹಿಡಿದು, ಆ ಮಕ್ಕಳಿಗಾಗಿ ಆಶ್ರಯಧಾಮಗಳನ್ನು ತೆರೆಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ‘ತಂದೆ ತಾಯಿ ತೀರಿಹೋಗಿದ್ದಾರೆ, ಮಗುವನ್ನು ದತ್ತು ಪಡೆಯುವವರು ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶಗಳು ನಮ್ಮೆಲ್ಲರ ವಾಟ್ಸಾಪಿಗೆ ಬಂದಿದ್ದವು. ಕರುಳು ಚುರುಕ್ ಎಂದು ನಾನೂ ಒಂದನ್ನು ಫಾರ್ವರ್ಡ್ ಮಾಡಿದ್ದೆ. ಅದು ಕಾನೂನಿಗೆ ವಿರುದ್ಧ, ಮಕ್ಕಳ ಕಳ್ಳಸಾಗಣೆಗೆ ದಾರಿ ಎಂದು ತಿಳಿದದ್ದು ಆಮೇಲೆ. ಪಾಲಕರಿಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಬೇಕು. 24 ಗಂಟೆಯೊಳಗೆ ಆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ನಮ್ಮ ಮನೆಗೆ ಕರೆತರುವುದೂ ಸರಿಯಲ್ಲ, ಫೋಟೋ ಹಾಕುವುದಂತೂ ಸಲ್ಲದು.

ಗೆಳತಿಯರೇ, ನೆರೆ ಇನ್ನೊಮ್ಮೆ ಬರುತ್ತದೆ. ಮೂಸಿಗೆ ಬರಬಹುದು, 2009ರಂತೆ ಕೃಷ್ಣೆಗೆ, ತುಂಗಭದ್ರೆಗೆ ಬಂದು ನಮ್ಮ ರಾಯಚೂರು, ಮಂತ್ರಾಲಯದ ಬಂಧುಗಳನ್ನು ಕಾಡಬಹುದು. ಆಗ ನಮ್ಮ ಸಂಘ ಖಂಡಿತ ಚಂದಾ ಎತ್ತುತ್ತದೆ, ಕಿಟ್ ಕಟ್ಟುತ್ತದೆ. ನನ್ನ ಬಿನ್ನಹ ಇಷ್ಟೇ: ಪಟ್ಟಿಯನ್ನು ಈಗಲೇ, ನೆಮ್ಮದಿಯ ದಿನಗಳಲ್ಲೇ ಸಿದ್ಧ ಮಾಡಿಟ್ಟುಕೊಳ್ಳೋಣ. ಟೋಕನ್ ಮನೆಯ ಹೆಂಗಸಿನ ಹೆಸರಿಗೇ ಇರಲಿ. ಕತ್ತಲಾದ ಮೇಲೆ ಹಂಚುವುದು ಬೇಡ. ಬಾಣಂತಿಯರಿಗೆ, ವಯಸ್ಸಾದವರಿಗೆ ಸಾಲು ಬೇಡ, ನಾವೇ ಬಾಗಿಲಿಗೆ ಹೋಗೋಣ. 1908ರಲ್ಲಿ ಪರದೆಯಿಂದಾಗಿ ಬೇಕಾಗಿದ್ದ ಆ ಪದ್ಧತಿ ಪರದೆ ಇಲ್ಲದ ಇವತ್ತಿಗೂ ಬೇಕು.

ನನ್ನ ಫಾರ್ಮನ್ನು ಬದಲಾಯಿಸಿದ್ದೇನೆ. ಮೊದಲ ಕಾಲಂನಲ್ಲಿ ಈಗ ‘ನಿಮ್ಮ ಹೆಸರು’ ಎಂದಷ್ಟೇ ಇದೆ.