ಹದಿಮೂರು ಮಕ್ಕಳ ಲೆಕ್ಕ

ಶಾಲೆಯ ದಾಖಲಾತಿ ವಹಿಯಲ್ಲಿ ‘ತಂದೆಯ ಹೆಸರು’ ಎಂಬ ಅಂಕಣ ತುಂಬುವಾಗ ನನ್ನ ಲೇಖನಿ ತಡೆದು ನಿಂತ ದಿನವೊಂದು ಇನ್ನೂ ನೆನಪಿನಲ್ಲಿದೆ. ಸಮೀಪದ ಅನಾಥಾಲಯದಿಂದ ಸಿಸ್ಟರ್ ಒಬ್ಬರು ಆರು ವರ್ಷದ ಹುಡುಗನೊಬ್ಬನನ್ನು ಕೈಹಿಡಿದು ಕರೆತಂದಿದ್ದರು. ನನ್ನ ಸಂಕೋಚವನ್ನು ಅವರೇ ಅರಿತು, “ಅಲ್ಲಿ ಗೆರೆ ಎಳೆಯಿರಿ ಮೇಷ್ಟ್ರೇ, ಪೋಷಕರು ಅನ್ನುವಲ್ಲಿ ನನ್ನ ಹೆಸರು ಬರೆಯಿರಿ” ಎಂದರು. ಈಚೆಗೆ ಬಾಸ್ಟನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, ಅಲ್ಲಿನ ಕ್ಯಾಥೊಲಿಕ್ ಸಂಸ್ಥೆಯೊಂದು ದತ್ತು ಕೊಡುವ ಕೆಲಸವನ್ನೇ ಕೈಬಿಟ್ಟ ಪ್ರಸಂಗವನ್ನು ಹೇಳಿ, “ತಪ್ಪು ಯಾರದು ಸಾರ್?” ಎಂದು ಕೇಳಿದಾಗ ಆ ದಿನ ನೆನಪಾಯಿತು. ಇತಿಹಾಸದ ಮೇಷ್ಟರಿಗೆ ಒಂದೇ ಮಾತಿನ ಉತ್ತರ ಎಂದಾದರೂ ದಕ್ಕೀತೇ? ಆದಕಾರಣ ಈ ಬರೆಹ.

ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯವು 1851ರಷ್ಟು ಹಿಂದೆಯೇ ದತ್ತು ಕಾಯಿದೆಯೊಂದನ್ನು ಮಾಡಿತು. ದತ್ತು ಪಡೆಯುವವರು ಮಗುವನ್ನು ಸಾಕಲು ಯೋಗ್ಯರೇ ಎಂಬುದನ್ನು ನ್ಯಾಯಾಧೀಶರು ನೋಡಬೇಕೆಂದು ವಿಧಿಸಿದ ಆ ಕಾಯಿದೆಯನ್ನು ಆಧುನಿಕ ದತ್ತು ಕಾನೂನಿನ ಮೊದಲ ಹೆಜ್ಜೆಯೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಅದೇ ಕಾಲದಲ್ಲಿ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ತತ್ತರಿಸಿದ ಕ್ಯಾಥೊಲಿಕರು ಹಡಗುಗಳಲ್ಲಿ ಬಂದು ಅಮೆರಿಕದ ಬಂದರುಗಳಲ್ಲಿ ಇಳಿಯುತ್ತಿದ್ದರು. ಅವರ ಅನಾಥ ಮಕ್ಕಳನ್ನೂ ಬಡ ಮಕ್ಕಳನ್ನೂ ಪ್ರಾಟೆಸ್ಟಂಟ್ ದತ್ತಿಸಂಸ್ಥೆಗಳು ದೂರದ ರೈತ ಕುಟುಂಬಗಳಿಗೆ ಸೇರಿಸುತ್ತಿದ್ದವು. ನ್ಯೂಯಾರ್ಕಿನಿಂದ 1854ರಲ್ಲಿ ಆರಂಭವಾದ ‘ಅನಾಥ ರೈಲು’ಗಳ ಕಥೆಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಹೊಟ್ಟೆಗೆ ಅನ್ನ ಸಿಕ್ಕರೂ ಮಗು ತನ್ನ ಧರ್ಮವನ್ನು ಕಳೆದುಕೊಂಡೀತೆಂಬ ಭಯದಿಂದ ಕ್ಯಾಥೊಲಿಕರು ತಮ್ಮದೇ ಅನಾಥಾಲಯಗಳನ್ನು ಕಟ್ಟಿದರು. ಅಂದರೆ ‘ಮಗು ಯಾರ ಮನೆಯಲ್ಲಿ ಬೆಳೆಯಬೇಕು’ ಎಂಬ ಪ್ರಶ್ನೆ ಈ ಸೇವೆಯ ಹುಟ್ಟಿನಲ್ಲಿಯೇ ಅಡಗಿತ್ತು.

ನೂರೈವತ್ತು ವರ್ಷಗಳ ತರುವಾಯ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದಿತು. ಬಾಸ್ಟನ್ನಿನ ಕ್ಯಾಥೊಲಿಕ್ ಚಾರಿಟೀಸ್ ಸಂಸ್ಥೆ ಸರ್ಕಾರದ ಪರವಾನಗಿ ಪಡೆದು, ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಮಕ್ಕಳನ್ನು ದತ್ತು ಕೊಡುತ್ತಿತ್ತು. ಲೈಂಗಿಕ ಒಲವಿನ ಕಾರಣಕ್ಕೆ ಯಾರನ್ನೂ ತಿರಸ್ಕರಿಸಬಾರದೆಂಬುದು ಆ ರಾಜ್ಯದ ನಿಯಮ. 2005ರ ಅಕ್ಟೋಬರಿನಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಒಂದು ಲೆಕ್ಕವನ್ನು ಪ್ರಕಟಿಸಿತು: ಸುಮಾರು ಎರಡು ದಶಕಗಳಲ್ಲಿ ಸಂಸ್ಥೆ ದತ್ತು ಕೊಟ್ಟ 720 ಮಕ್ಕಳ ಪೈಕಿ 13 ಮಕ್ಕಳು ಸಲಿಂಗ ದಂಪತಿಗಳ ಮನೆ ಸೇರಿದ್ದರು. ಅವರು ಬೇರಾರೂ ಸುಲಭವಾಗಿ ಮುಂದೆ ಬಂದು ಸ್ವೀಕರಿಸದಂಥ ಮಕ್ಕಳು. ವಯಸ್ಸು ಮೀರಿದವರು, ದೇಹದ ಅಥವಾ ಮನಸ್ಸಿನ ತೊಂದರೆಯುಳ್ಳವರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಈ ಎರಡು ದಶಕಗಳ ಕಾಲ ಆ ಸಂಸ್ಥೆಯ ಸಿಬ್ಬಂದಿ ಏನು ಮಾಡುತ್ತಿದ್ದರು? ಎದುರಿಗೊಂದು ಮಗು, ಅದನ್ನು ಬಯಸುವ ಒಂದು ಮನೆ. ಧರ್ಮಶಾಸ್ತ್ರವನ್ನು ಬದಿಗಿಟ್ಟು ಮಗುವನ್ನು ಕೊಟ್ಟರು. ಇದನ್ನು ಕಪಟವೆನ್ನುವವರು ಉಂಟು, ವಿವೇಕವೆನ್ನುವವರೂ ಉಂಟು. ನಾನು ಎರಡನೆಯ ಗುಂಪಿನವನು. ಆದರೆ ಸದ್ದಿಲ್ಲದೆ ನಡೆದ ಕೆಲಸ ಅಂಕಿಯಾಗಿ ಅಚ್ಚಾದ ಮೇಲೆ ಯಾರಿಗೂ ಕಣ್ಣು ಮುಚ್ಚಿಕೊಳ್ಳಲಾಗಲಿಲ್ಲ. ಸಲಿಂಗ ದಂಪತಿಗಳಿಗೆ ಮಕ್ಕಳನ್ನು ಕೊಡುವುದು ಮಕ್ಕಳಿಗೇ ಎಸಗುವ ಹಿಂಸೆಯೆಂಬ ಅರ್ಥದ ಮಾತನ್ನು ವ್ಯಾಟಿಕನ್ 2003ರಲ್ಲಿಯೇ ಹೇಳಿಯಾಗಿತ್ತು. 2004ರಲ್ಲಿ ಅದೇ ಮ್ಯಾಸಚೂಸೆಟ್ಸ್ ಸಲಿಂಗ ವಿವಾಹವನ್ನು ಆರಂಭಿಸಿದ ಅಮೆರಿಕದ ಮೊದಲ ರಾಜ್ಯವಾಗಿತ್ತು.

ಡಿಸೆಂಬರಿನಲ್ಲಿ ಸಂಸ್ಥೆಯ 42 ಸದಸ್ಯರ ಆಡಳಿತ ಮಂಡಳಿ, ಈ ಕೆಲಸ ಹೀಗೆಯೇ ಮುಂದುವರಿಯಲಿ ಎಂದು ಒಮ್ಮತದಿಂದ ನಿರ್ಣಯಿಸಿತು. ರಾಜ್ಯದ ನಾಲ್ವರು ಬಿಷಪರು ಒಪ್ಪಲಿಲ್ಲ. ನಿಯಮದಿಂದ ವಿನಾಯಿತಿ ಬೇಡುವುದಾಗಿ 2006ರ ಫೆಬ್ರವರಿ ಕೊನೆಯಲ್ಲಿ ಸಾರಿದರು. ಮಂಡಳಿಯ ಎಂಟು ಮಂದಿ ರಾಜೀನಾಮೆ ಕೊಟ್ಟು ಹೊರನಡೆದರು. ವಿನಾಯಿತಿ ಸಿಗುವ ಲಕ್ಷಣ ಕಾಣದೆ, ಮಾರ್ಚ್ 10ರಂದು ಸಂಸ್ಥೆಯ ಅಧ್ಯಕ್ಷರಾದ ಪಾದ್ರಿ ಬ್ರಯನ್ ಹೆಹಿರ್ ಅವರು ಶತಮಾನದಷ್ಟು ಹಳೆಯ ದತ್ತು ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಬಿಷಪರನ್ನು ದುಷ್ಟರೆಂದು ನಾನು ಬಗೆಯಲಾರೆ. ನಂಬಿದ್ದನ್ನು ನುಡಿಯುವುದು ಅವರ ಕರ್ತವ್ಯ. ಆದರೆ ಸಿಬ್ಬಂದಿಯ ಅನುಭವವನ್ನು ಹತ್ತಿರದಿಂದ ಬಲ್ಲ ನಲವತ್ತೆರಡು ಮಂದಿಯ ಮಾತಿಗೆ ಅಲ್ಲಿ ಬೆಲೆ ಸಿಗಲಿಲ್ಲವಲ್ಲ ಎಂಬ ಖೇದ ಮಾತ್ರ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿಯೂ ಇದೇ ಕಥೆ. 2007ರ ಸಮಾನತೆಯ ನಿಯಮಗಳಿಂದ ವಿನಾಯಿತಿ ಕೊಡಲು ಒಪ್ಪದ ಪ್ರಧಾನಿ ಟೋನಿ ಬ್ಲೇರ್ 2008ರ ಅಂತ್ಯದವರೆಗೆ ಗಡುವು ಮಾತ್ರ ಕೊಟ್ಟರು. ಕೆಲವು ಸಂಸ್ಥೆಗಳು ಚರ್ಚಿನ ನಂಟು ಕಡಿದುಕೊಂಡು ಕೆಲಸ ಮುಂದುವರಿಸಿದವು, ಕೆಲವು ಕೈಬಿಟ್ಟವು, ಲೀಡ್ಸ್ ನಗರದ್ದೊಂದು 2012ರವರೆಗೆ ವ್ಯಾಜ್ಯ ನಡೆಸಿ ಸೋತಿತು. ಗಾಳಿ ಒಮ್ಮೆ ಇನ್ನೊಂದು ದಿಕ್ಕಿಗೂ ಬೀಸಿತು. ಫಿಲಡೆಲ್ಫಿಯಾದಲ್ಲಿ ದತ್ತು ಅಲ್ಲ, ತಾತ್ಕಾಲಿಕ ಪೋಷಣೆಯ ಮನೆಗಳ ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2021ರಲ್ಲಿ ಒಮ್ಮತದಿಂದ ಕ್ಯಾಥೊಲಿಕ್ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಸೋಜಿಗವೆಂದರೆ, ಆ ಸಂಸ್ಥೆಯ ಬಾಗಿಲಿಗೆ ಅದುವರೆಗೆ ಒಂದು ಸಲಿಂಗ ಜೋಡಿಯೂ ಬಂದಿರಲಿಲ್ಲ!

ನಮ್ಮ ದೇಶಕ್ಕೂ ಇದರ ಅಲೆ ತಟ್ಟಿತು. 2015ರ ಹೊಸ ಮಾರ್ಗಸೂಚಿಗಳು ಒಂಟಿ ವ್ಯಕ್ತಿಗಳಿಗೂ ದತ್ತು ಪಡೆಯಲು ಅವಕಾಶವಿತ್ತಾಗ, ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿ ತಮ್ಮ ಮನಸ್ಸಾಕ್ಷಿ ಒಪ್ಪದೆಂದು ಭಾರತದಲ್ಲಿ ದತ್ತು ಕೊಡುವುದನ್ನು ನಿಲ್ಲಿಸಿತು. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು, ವಿವಾಹಿತರಲ್ಲದ ಜೋಡಿಗಳು ಒಟ್ಟಾಗಿ ದತ್ತು ಪಡೆಯುವಂತಿಲ್ಲವೆಂಬ ನಿಯಮವನ್ನು ಮೂವರು-ಇಬ್ಬರ ಬಹುಮತದಿಂದ ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಭಿನ್ನಮತ ದಾಖಲಿಸಿದರು. ಹೀಗಾಗಿ ಇಬ್ಬರು ಕೂಡಿ ಸಾಕಿದರೂ ದತ್ತು ಪತ್ರದಲ್ಲಿ ಒಬ್ಬರ ಹೆಸರು ಮಾತ್ರ ಬರಲು ಸಾಧ್ಯ.

ಆ ಹುಡುಗ ನಮ್ಮಲ್ಲಿ ಏಳನೆಯ ತರಗತಿ ಮುಗಿಸಿದ. ವರ್ಗಾವಣೆ ಪತ್ರ ಬರೆಯುವಾಗ ಮೇಜಿನ ಪಕ್ಕದಲ್ಲಿಯೇ ನಿಂತಿದ್ದ. “ಆ ಗೆರೆ ಇರೋ ಕಡೆ ಸಿಸ್ಟರ್ ಹೆಸರೇ ಬರೀಬಹುದಾ ಸಾರ್?” ಎಂದು ಕೇಳಿದ. ನಿಯಮದಲ್ಲಿ ಅವಕಾಶವಿರಲಿಲ್ಲ. ಗೆರೆಯನ್ನೇ ಎಳೆದು, ಸಹಿ ಹಾಕಿ, ಅವನ ಕೈಗೆ ಕೊಟ್ಟೆ.